ಹೆಂಚಿನ ಬೆನ್ನ ಮೇಲಿನ ಹೆಸರು

ಯಲ್ದೂರು, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳೆಯ ಶಾಲೆಗಳಲ್ಲಿ ಓದಿದವರಿಗೆ, ಹೆಂಚಿನ ಮನೆಯಲ್ಲಿ ಮಲಗಿ ಎದ್ದವರಿಗೆ ಒಂದು ದೃಶ್ಯ ಚೆನ್ನಾಗಿ ಗೊತ್ತಿರುತ್ತದೆ. ಅಂಗಾತ ಮಲಗಿ ಮೇಲೆ ನೋಡಿದರೆ ರೀಪುಗಳ ನಡುವೆ ಹೆಂಚಿನ ಬೆನ್ನು ಕಾಣುತ್ತದೆ. ಆ ಬೆನ್ನ ಮೇಲೆ ಉಬ್ಬು ಅಕ್ಷರಗಳಲ್ಲಿ ಒಂದು ಕಾರ್ಖಾನೆಯ ಹೆಸರು, ಒಂದು ಊರಿನ ಹೆಸರು, ಕೆಲವು ಹೆಂಚುಗಳಲ್ಲಿ ಒಂದು ಇಸವಿಯೂ ಇರುತ್ತದೆ. ಬಾಸೆಲ್ ಮಿಷನ್ನಿನ ಹಳೆಯ ಹೆಂಚುಗಳ ಮೇಲೆ ಇರುವುದು 1865. ಮನೆ ಕೆಡವುವಾಗ ಇಂಥ ಹೆಂಚು ಸಿಕ್ಕರೆ ನೂರೈವತ್ತು ವರ್ಷದ ಹಳೆಯ ಹೆಂಚೆಂದು ಎತ್ತಿಟ್ಟುಕೊಳ್ಳುವವರಿದ್ದಾರೆ. ಆದರೆ ಅದು ಹೆಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಶುರುವಾದ ವರ್ಷ. ಅದೇ ಇಸವಿಯನ್ನು ಹೊತ್ತ ಹೆಂಚುಗಳು ಮುಂದೆ ಹಲವು ದಶಕಗಳ ಕಾಲ ಅಚ್ಚಿನಿಂದ ಹೊರಬಂದವು.

ಕಾರ್ಖಾನೆಯ ಹೆಸರಿದೆ, ಊರಿನ ಹೆಸರಿದೆ, ಇಸವಿಯೂ ಇದೆ. ಆ ಹೆಂಚಿಗೆ ಆ ಆಕಾರ ಕೊಟ್ಟವರು ಯಾರು ಎಂಬುದು ಮಾತ್ರ ಇಲ್ಲ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ರಾಯಲ್ ಕೋಪನ್‌ಹೇಗನ್ ಪಿಂಗಾಣಿ ಕಾರ್ಖಾನೆಯಲ್ಲಿ ಕಲಾವಿದರು ರೂಪಿಸಿದ ಹೂಜಿಗಳನ್ನು ಬೋರಲು ಹಾಕಿ ನೋಡಿದರೆ, ಕಾರ್ಖಾನೆಯ ಗುರುತಾದ ಮೂರು ಅಲೆಗೆರೆಗಳ ಜೊತೆಯಲ್ಲೇ ರೂಪಿಸಿದವರ ಹೆಸರನ್ನೂ ಮಣ್ಣಿನಲ್ಲಿ ಕೊರೆದಿರುತ್ತಾರೆ. 1775ರಲ್ಲಿ ಶುರುವಾದ ಆ ಕಾರ್ಖಾನೆ ಇವತ್ತಿಗೂ ಉಳಿದಿರುವುದಕ್ಕೆ ಈ ಎರಡನೆಯ ಹೆಸರೂ ಒಂದು ಕಾರಣ ಎಂದು ನಾನು ನಂಬುತ್ತೇನೆ. ನಮ್ಮ ಕೋಲಾರ ಜಿಲ್ಲೆಯ ಮಾಲೂರು ಹೆಂಚು, ಇಟ್ಟಿಗೆಗೆ ಹೆಸರಾದ ಊರು. ಆ ಕಸುಬು ಈಗ ಬಿದ್ದಿರುವ ಕಷ್ಟವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಇಬ್ಬರು ಯೂರೋಪಿನವರ ಬದುಕನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಬ್ಬರು ನಮ್ಮ ಮಂಗಳೂರಿಗೆ ಬಂದು ಕೆಲಸ ಮಾಡಿದವರು. ಇನ್ನೊಬ್ಬರು ತಮ್ಮ ಊರಿನ ಕಾರ್ಖಾನೆಗಳಲ್ಲೇ ಮಣ್ಣಿನ ಕೆಲಸ ಮಾಡಿ ಹೆಸರಾದವರು.

ಮೊದಲು ಡೆನ್ಮಾರ್ಕಿನವರ ಕಥೆ. ಆಕ್ಸೆಲ್ ಸಾಲ್ಟೊ ಹುಟ್ಟಿದ್ದು 1889ರಲ್ಲಿ, ಕೋಪನ್‌ಹೇಗನ್ನಿನಲ್ಲಿ. ಅಲ್ಲಿನ ಕಲಾ ಅಕಾಡೆಮಿಯಲ್ಲಿ ಓದಿದ್ದು ಚಿತ್ರಕಲೆ, ಮಡಕೆ ಕೆಲಸವಲ್ಲ. 1916ರಲ್ಲಿ ಪ್ಯಾರಿಸ್ಸಿಗೆ ಹೋಗಿ ಪಿಕಾಸೊ, ಮಾತೀಸ್ ಇಬ್ಬರನ್ನೂ ಕಂಡರು. ಊರಿಗೆ ಮರಳಿ 1917ರಲ್ಲಿ ‘ಕ್ಲಿಂಗೆನ್’ ಎಂಬ ಕಲಾಪತ್ರಿಕೆ ಹೊರಡಿಸಿ, ಹೊಸ ಚಿತ್ರಕಲೆಯನ್ನು ತಮ್ಮ ದೇಶದವರಿಗೆ ಪರಿಚಯಿಸಿದರು. ಪತ್ರಿಕೆ ನಡೆದದ್ದು ಕೆಲವೇ ವರ್ಷ. ಆಮೇಲೆ ಬಿಂಗ್ ಅಂಡ್ ಗ್ರೋಂಡಾಲ್ ಎಂಬ ಪಿಂಗಾಣಿ ಕಾರ್ಖಾನೆಗಾಗಿ ಕೆಲಸ ಮಾಡಿದರು. ಮಣ್ಣು ಅವರ ಕೈಗೆ ಹತ್ತಿದ್ದು ಅಲ್ಲಿ, ಮೂವತ್ತು ದಾಟಿದ ವಯಸ್ಸಿನಲ್ಲಿ. ಮುಂದೆ ಸಾಕ್ಸ್‌ಬೊ ಎಂಬ ಸಣ್ಣ ಕಾರ್ಯಾಗಾರದ ಕುಲುಮೆಗಳಲ್ಲಿ ಕಲಿತರು. 1930ರ ದಶಕದಿಂದ 1961ರಲ್ಲಿ ತೀರಿಕೊಳ್ಳುವವರೆಗೂ ರಾಯಲ್ ಕೋಪನ್‌ಹೇಗನ್ ಕಾರ್ಖಾನೆಗೆ ಹೂಜಿಗಳನ್ನು ರೂಪಿಸಿದರು. 1951ರಲ್ಲಿ ಮಿಲಾನಿನ ತ್ರಿವಾರ್ಷಿಕ ಪ್ರದರ್ಶನದಲ್ಲಿ ಅವರಿಗೆ ದೊಡ್ಡ ಬಹುಮಾನ ಬಂತು.

ಸಾಲ್ಟೊ ಅವರ ಹೂಜಿಯೊಂದನ್ನು ಹತ್ತಿರದಿಂದ ನೋಡಿದರೆ ಅವರು ಯಾವುದರಿಂದ ಏನು ಪಡೆದರೆಂಬುದು ಬಿಡಿಬಿಡಿಯಾಗಿ ಕಾಣುತ್ತದೆ. ಹೂಜಿಯ ಮೈತುಂಬ ಮೊಗ್ಗಿನಂಥ ಗುಬುಟುಗಳು. ಇನ್ನು ಕೆಲವಕ್ಕೆ ಮೊಳಕೆ ಒಡೆದಂಥ ಮುಳ್ಳುಗಳು, ಮತ್ತೆ ಕೆಲವಕ್ಕೆ ಉದ್ದುದ್ದ ಏಣುಗಳು. ಇವೆಲ್ಲ ಗಿಡಮರಗಳಿಂದ, ಬೀಜಕೋಶಗಳಿಂದ, ಜಿಂಕೆಯ ಕೊಂಬಿನಿಂದ ಬಂದವು. ಗಿಡವನ್ನು ಇದ್ದ ಹಾಗೆ ಮಣ್ಣಿನಲ್ಲಿ ಮಾಡಿಡುವುದು ಅವರಿಗೆ ಬೇಕಿರಲಿಲ್ಲ. ಗಿಡದೊಳಗಿಂದ ಹೊರಕ್ಕೆ ಒತ್ತುವ ಕಸುವು ಮಡಕೆಯ ಮೈಯಲ್ಲೂ ಕಾಣಬೇಕಿತ್ತು. ಮೇಲಿನ ಮೆರುಗು ಬಂದದ್ದು ಪೂರ್ವದಿಂದ. ಚೀನಾದ ಸುಂಗ್ ಅರಸರ ಕಾಲದ ಪಾತ್ರೆಗಳ ಮೆರುಗು, ಜಪಾನಿನ ಕಲ್ಲುಮಡಕೆಗಳ ಮೆರುಗು ಪ್ಯಾರಿಸ್ಸಿನ ಮಾರ್ಗವಾಗಿ ಯೂರೋಪನ್ನು ಸೇರಿದ್ದವು. ಅದನ್ನು ರಾಯಲ್ ಕೋಪನ್‌ಹೇಗನ್ನಿಗೆ ತಂದವರು ಸ್ವೀಡನ್ನಿನ ಪಾಟ್ರಿಕ್ ನೋರ್ಡ್‌ಸ್ಟ್ರೋಮ್. ಅವರ ಬಳಿಕ ಕಾರ್ಲ್ ಹಾಲಿಯರ್ ಅದನ್ನು ಮುಂದುವರಿಸಿದರು. ಕುಲುಮೆಯಲ್ಲಿ ಮೆರುಗು ಕರಗಿ ಮುಳ್ಳಿನ ತುದಿಯಿಂದ ಕೆಳಗಿಳಿಯುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ತುದಿಯಲ್ಲಿ ತೆಳು ಬಣ್ಣ, ತಗ್ಗಿನಲ್ಲಿ ಗಾಢ ಬಣ್ಣ. ಉಬ್ಬುತಗ್ಗು ಹೇಗಿದ್ದರೆ ಮೆರುಗು ಎಲ್ಲಿ ನಿಲ್ಲುತ್ತದೆ ಎಂದು ಲೆಕ್ಕ ಹಾಕಿಯೇ ಸಾಲ್ಟೊ ಆಕಾರ ಕೊಡುತ್ತಿದ್ದರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಮೆರುಗು ಕಲಸಿ ಪರೀಕ್ಷೆ ಮಾಡಿದವರು ಕಾರ್ಖಾನೆಯ ರಸಾಯನ ಬಲ್ಲವರು. ಕುಲುಮೆ ನೋಡಿಕೊಂಡವರು ಅದರಲ್ಲೇ ಪಳಗಿದ ಕೆಲಸಗಾರರು. ಚಿತ್ರಕಾರನಾಗಿದ್ದ ಸಾಲ್ಟೊ ಅವರಿಗೆ ಕಾರ್ಖಾನೆ ಒಂದು ಜಾಗ ಕೊಟ್ಟಿತು, ಕೆಟ್ಟರೂ ಸರಿ ಎಂದು ಪ್ರಯೋಗಕ್ಕೆ ಕುಲುಮೆಯನ್ನು ಬಿಟ್ಟುಕೊಟ್ಟಿತು. ಒಬ್ಬ ಕಲಾವಿದನ ಪ್ರತಿಭೆ ಎಂದು ನಾವು ಹೊಗಳುವುದರ ಹಿಂದೆ ಇಂಥದೊಂದು ಏರ್ಪಾಡು ಇತ್ತು.

ಈಗ ಮಂಗಳೂರಿಗೆ ಬರೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಮಿಷನ್ ಸಂಸ್ಥೆಯವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಅಲ್ಲಿಂದಲೇ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಅದು ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಮೊಳೆ ಜೋಡಿಸುವ ಅಚ್ಚುಕೂಟ ಬಂದದ್ದು 1850ರ ದಶಕದ ಆರಂಭದಲ್ಲಿ. ಅದನ್ನು ನಡೆಸಲು ಬಂದವರು ಜಾರ್ಜ್ ಪ್ಲೆಬ್ಸ್ಟ್, ಯಂತ್ರದ ಕೆಲಸ ಬಲ್ಲ ಜರ್ಮನ್ ಮುದ್ರಕ. ಕನ್ನಡದ ಅಚ್ಚುಮೊಳೆಗಳನ್ನು ಸುಧಾರಿಸಿದವರ ಸಾಲಿನಲ್ಲೂ ಅವರ ಹೆಸರಿದೆ. ಕಿಟೆಲ್ ಅವರ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಿಷನ್ನಿನ ಅಚ್ಚುಕೂಟದಲ್ಲಿ. ನಮ್ಮ ಭಾಷೆಯ ಅಕ್ಷರವನ್ನು ಲೋಹದಲ್ಲಿ ಎರಕ ಹೊಯ್ಯುವ ಕೆಲಸ, ನಮ್ಮ ಮನೆಗಳ ಹೆಂಚನ್ನು ಕಬ್ಬಿಣದ ಅಚ್ಚಿನಲ್ಲಿ ಒತ್ತುವ ಕೆಲಸ, ಎರಡೂ ಒಬ್ಬರ ಕೈಯಲ್ಲಿ ಹಾದುಹೋಗಿವೆ ಎಂಬುದು ಕನ್ನಡಿಗರು ತಿಳಿದಿರಬೇಕಾದ ವಿಷಯ. ನನ್ನ ಮಟ್ಟಿಗೆ ಇದು ಕಾಕತಾಳೀಯವಲ್ಲ. ಒಂದು ಅಚ್ಚನ್ನು ಕೂದಲೆಳೆಯಷ್ಟೂ ತಪ್ಪದಂತೆ ಮಾಡಿದರೆ ಅದರಿಂದ ಸಾವಿರ ಪ್ರತಿಗಳು ಒಂದೇ ಸಮನಾಗಿ ಬರುತ್ತವೆ, ಅಚ್ಚು ಓರೆಯಾದರೆ ಸಾವಿರವೂ ಓರೆ. ಮೊಳೆ ಎರಕ ಹೊಯ್ದವರಿಗೆ ಈ ಶಿಸ್ತು ಕೈಯಲ್ಲೇ ಇರುತ್ತದೆ.

ಮುದ್ರಕನೊಬ್ಬ ಮಣ್ಣಿಗೆ ಇಳಿದದ್ದೇಕೆ? ಮತಾಂತರವಾದವರನ್ನು ಅವರ ಜಾತಿ, ಮನೆ, ಕಸುಬು ಮೂರೂ ಹೊರಗಿಡುತ್ತಿದ್ದವು. ಅವರ ಹೊಟ್ಟೆಪಾಡಿಗೆ ಮಿಷನ್ ಒಂದು ದಾರಿ ಹುಡುಕಲೇಬೇಕಿತ್ತು. ಬಲ್ಮಠದಲ್ಲಿ ನೇಯ್ಗೆ ಶುರುವಾಯಿತು. ಖಾಕಿ ಬಣ್ಣದ ಬಟ್ಟೆಗೆ ಹೆಸರಾದ ಮಗ್ಗಗಳು ಅವೇ. ಆದರೆ ನೇಯ್ಗೆ ಎಲ್ಲರನ್ನೂ ಸಾಕುವಂತಿರಲಿಲ್ಲ. ಕರಾವಳಿಯ ಮನೆಗಳಿಗೆ ಆಗ ಮಾಡಾಗಿ ಇದ್ದದ್ದು ತೆಂಗಿನ ಗರಿ, ಹುಲ್ಲು. ಬೆಂಕಿ ಬಿದ್ದರೆ ಕೇರಿಗೆ ಕೇರಿಯೇ ಹೋಗುತ್ತಿತ್ತು. ಉಳ್ಳವರ ಮನೆಗೆ ಕುಂಬಾರರು ಮಾಡಿದ ನಾಡಹೆಂಚು. ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಒಳ್ಳೆಯ ಜೇಡಿಮಣ್ಣು ಹೇರಳವಾಗಿರುವುದು ಪ್ಲೆಬ್ಸ್ಟ್ ಕಣ್ಣಿಗೆ ಬಿತ್ತು. 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆಯ ಹತ್ತಿರ, ಮೊದಲ ಹೆಂಚಿನ ಕಾರ್ಖಾನೆ ತಲೆ ಎತ್ತಿತು. ಆರಂಭದಲ್ಲಿ ಮಣ್ಣು ಅರೆಯುವ ಗಾಣಕ್ಕೆ ಎತ್ತು ಕಟ್ಟುತ್ತಿದ್ದರು. ಹಬೆಯ ಯಂತ್ರ ಆಮೇಲೆ ಬಂತು.

ಹೆಂಚಿನ ಆಕಾರ ಪ್ಲೆಬ್ಸ್ಟ್ ಅವರ ಸ್ವಂತ ಕಲ್ಪನೆಯಲ್ಲ. ಬಾಸೆಲ್ ಪಟ್ಟಣಕ್ಕೆ ಬಹಳ ದೂರವಿಲ್ಲದ ಅಲ್ಸಾಸ್ ಸೀಮೆಯ ಅಲ್ಟ್‌ಕಿರ್ಶ್ ಎಂಬ ಊರಿನಲ್ಲಿ ಗಿಲಾರ್ಡೊನಿ ಎಂಬ ಅಣ್ಣತಮ್ಮಂದಿರು 1841ರಲ್ಲಿ ಒಂದು ಹೊಸ ಬಗೆಯ ಹೆಂಚಿಗೆ ಹಕ್ಕುಪತ್ರ ಪಡೆದಿದ್ದರು. ಒಂದು ಹೆಂಚಿನ ಅಂಚು ಪಕ್ಕದ ಹೆಂಚಿನ ತೋಡಿನಲ್ಲಿ ಕೂತು ಬಿಗಿಯಾಗುವ ಹೆಂಚು ಅದು. ಫ್ರಾನ್ಸಿನ ಉದ್ದಗಲಕ್ಕೂ ಅದರ ಬಗೆಬಗೆಯ ರೂಪಗಳು ಹಬ್ಬಿದವು. ಮಂಗಳೂರು ಹೆಂಚು ಅದೇ ಕುಲದ್ದು. ಸಾಲ್ಟೊಗೆ ಚೀನಾದ ಮೆರುಗು ಹೇಗೋ ಪ್ಲೆಬ್ಸ್ಟ್‌ಗೆ ಅಲ್ಸಾಸಿನ ಹೆಂಚು ಹಾಗೆ. ಇಬ್ಬರೂ ಎರವಲು ತಂದವರು. ಪ್ಲೆಬ್ಸ್ಟ್ ಅವರ ಹಿರಿಮೆ ಇರುವುದು ಆ ಆಕಾರವನ್ನು ನಮ್ಮ ನದಿಯ ಮಣ್ಣಿಗೆ, ನಮ್ಮ ಮಳೆಗೆ, ಇಲ್ಲಿನ ಸೌದೆಗೆ, ಇಲ್ಲಿನ ಕೈಗಳಿಗೆ ಒಗ್ಗಿಸಿದ್ದರಲ್ಲಿ.

ಆ ಒಗ್ಗಿಸುವ ಕೆಲಸ ಎಷ್ಟು ದೊಡ್ಡದೆಂದು ತಿಳಿಯಲು ಹೆಂಚನ್ನೇ ಕೈಯಲ್ಲಿ ಹಿಡಿದು ನೋಡಬೇಕು. ಒಂದು ಮಗ್ಗುಲಲ್ಲಿ ತೋಡು, ಇನ್ನೊಂದು ಮಗ್ಗುಲಲ್ಲಿ ಅದಕ್ಕೆ ಸರಿಯಾಗಿ ಕೂರುವ ಏಣು. ಮೈಮೇಲೆ ನೀರು ಹರಿದುಹೋಗಲು ಉದ್ದಕ್ಕೆ ಕಾಲುವೆ. ಬೆನ್ನ ಮೇಲೆ ರೀಪಿಗೆ ಸಿಕ್ಕಿಸಲು ಗುಬುಟು. ಕೆಳಗಿನ ತುದಿ ಮುಂದಿನ ಸಾಲಿನ ಹೆಂಚಿನ ತಲೆಯ ಮೇಲೆ ಹತ್ತಿ ಕೂರುತ್ತದೆ. ಕುಂಬಾರರ ನಾಡಹೆಂಚಿನಲ್ಲಿ ಇದು ಯಾವುದೂ ಇಲ್ಲ. ತಿಗರಿಯ ಮೇಲೆ ಒಂದು ಕಡೆ ಸಣ್ಣಗಾಗುವ ಕೊಳವೆ ಎಬ್ಬಿಸಿ, ಹಸಿ ಇರುವಾಗಲೇ ಎರಡು ಹೋಳು ಮಾಡಿದರೆ ನಾಡಹೆಂಚು. ಒಂದು ಸಾಲು ಅಂಗಾತ, ಅದರ ಮೇಲೊಂದು ಸಾಲು ಬೋರಲು ಹಾಕಬೇಕು. ಗಾಳಿಗೋ ಬೆಕ್ಕು ಓಡಾಡಿದ್ದಕ್ಕೋ ಜರುಗಿದರೆ ಸೋರುತ್ತದೆ. ಅದಕ್ಕೇ ವರ್ಷವರ್ಷವೂ ಮಳೆಗೆ ಮುಂಚೆ ಮಾಡಿಗೆ ಹತ್ತಿ ಹೆಂಚು ಕೈಯಾಡಿಸಬೇಕಿತ್ತು. ಎರಡು ಪದರದ ಭಾರಕ್ಕೆ ಹೆಚ್ಚು ಮರವೂ ಬೇಕಿತ್ತು. ಮಂಗಳೂರು ಹೆಂಚು ಒಂದೇ ಪದರ, ಅಲ್ಲಾಡುವುದಿಲ್ಲ, ಮರವೂ ಕಡಿಮೆ ಸಾಕು. ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುವ ಮಂಗಳೂರಿನಲ್ಲಿ ಇದರ ಬೆಲೆ ಏನೆಂದು ಹೇಳಬೇಕಾಗಿಲ್ಲ.

ಆದರೆ ಇಷ್ಟು ಕರಾರುವಾಕ್ಕಾದ ತೋಡು, ಏಣುಗಳನ್ನು ಮಣ್ಣಿನಲ್ಲಿ ಮಾಡುವುದು ಕಷ್ಟ. ಯಾಕೆಂದರೆ ಮಣ್ಣು ಕುಗ್ಗುತ್ತದೆ. ಹಸಿ ಜೇಡಿಯಲ್ಲಿ ಕಣಕಣದ ನಡುವೆ ನೀರಿನ ಪೊರೆ ಇರುತ್ತದೆ. ಅದು ಆರಿದಂತೆ ಕಣಗಳು ಹತ್ತಿರ ಸರಿಯುತ್ತವೆ, ಹೆಂಚು ಕಿರಿದಾಗುತ್ತದೆ. ಅಂಚು ಬೇಗ ಒಣಗಿ ನಡು ಹಸಿಯಾಗಿಯೇ ಉಳಿದರೆ ಹೆಂಚು ಸೊಟ್ಟಗಾಗುತ್ತದೆ, ಇಲ್ಲವೆ ಬಿರಿಯುತ್ತದೆ. ಅದಕ್ಕೆ ಹಸಿ ಹೆಂಚನ್ನು ಬಿಸಿಲಿಗಿಡುವುದಿಲ್ಲ. ಗಾಳಿಯಾಡುವ ದೊಡ್ಡ ಚಾವಣಿಯ ಕೆಳಗೆ, ನೆರಳಲ್ಲಿ, ಹಲಗೆಗಳ ಮೇಲೆ ದಿನಗಟ್ಟಲೆ ಆರಿಸುತ್ತಾರೆ. ಹೆಂಚಿನ ಕಾರ್ಖಾನೆ ಎಂದರೆ ಮುಕ್ಕಾಲು ಪಾಲು ಈ ಆರಿಸುವ ಚಾವಣಿಯೇ. ಬರಿಯ ಜಿಗುಟು ಜೇಡಿಯಾದರೆ ಕುಗ್ಗು ಹೆಚ್ಚು, ಮರಳು ಹೆಚ್ಚಾದರೆ ಅಂಚು ನಿಲ್ಲುವುದಿಲ್ಲ. ಹಾಗಾಗಿ ಬೇರೆ ಬೇರೆ ಗುಂಡಿಯ ಮಣ್ಣನ್ನು ಬೆರೆಸಿ, ರಾಶಿ ಹಾಕಿ ಹದ ಬರುವವರೆಗೆ ಬಿಡುತ್ತಾರೆ. ಕಬ್ಬಿಣದ ಅಚ್ಚನ್ನು ಕೊನೆಯ ಕುಗ್ಗಿನ ಲೆಕ್ಕ ಹಾಕಿ ಅಷ್ಟು ದೊಡ್ಡದಾಗಿಯೇ ಮಾಡಿರುತ್ತಾರೆ. ಮಣ್ಣು ಬದಲಾದರೆ ಲೆಕ್ಕವೂ ಬದಲಾಗಬೇಕು.

ಗೂಡಿನಲ್ಲಿ ನಡೆಯುವುದು ಇನ್ನೊಂದು ಬಗೆಯ ಬದಲಾವಣೆ. ಐನೂರು, ಆರುನೂರು ಡಿಗ್ರಿ ದಾಟಿದ ಮೇಲೆ ಜೇಡಿಯ ಒಳಗೇ ಕಟ್ಟಿಕೊಂಡಿದ್ದ ನೀರೂ ಬಿಟ್ಟುಹೋಗುತ್ತದೆ. ಅಲ್ಲಿಂದ ಮುಂದೆ ಅದು ಮತ್ತೆ ಕಲಸಿದರೆ ಕೆಸರಾಗುವ ಮಣ್ಣಲ್ಲ. ಎಂಟುನೂರು, ಒಂಬೈನೂರರ ಆಸುಪಾಸಿನಲ್ಲಿ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಗಾಳಿ ಚೆನ್ನಾಗಿ ಆಡಿದರೆ ಮಣ್ಣಿನ ಕಬ್ಬಿಣ ಕೆಂಪಾಗುತ್ತದೆ. ಹೊಗೆ ತುಂಬಿ ಗಾಳಿ ಕಟ್ಟಿದರೆ ಕಪ್ಪಾಗುತ್ತದೆ. ನಮ್ಮ ಕುಂಬಾರರ ಕಪ್ಪು ಮಡಕೆಯ ಗುಟ್ಟೂ ಅದೇ. ಸರಿಯಾಗಿ ಬೆಂದ ಹೆಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿದರೆ ಕಂಚಿನಂತೆ ಟಣ್ ಎನ್ನುತ್ತದೆ. ಬೇಯದ್ದು, ಕಣ್ಣಿಗೆ ಕಾಣದ ಬಿರುಕಿರುವುದು ಬೊದ್ದು ಶಬ್ದ ಮಾಡುತ್ತದೆ. ಭಾರತೀಯ ಮಾನಕ ಸಂಸ್ಥೆ ಈ ಹೆಂಚಿಗೆಂದೇ ಐಎಸ್ 654 ಎಂಬ ಮಾನದಂಡ ಮಾಡಿದೆ. ಹೆಂಚು ಎಷ್ಟು ನೀರು ಕುಡಿಯಬಹುದು, ಎಷ್ಟು ಭಾರ ತಡೆಯಬೇಕು ಎಂಬುದೆಲ್ಲ ಅದರಲ್ಲಿದೆ. ಅದರ ಹೆಸರಿನಲ್ಲೇ ‘ಮಂಗಳೂರು ಮಾದರಿ’ ಎಂದಿದೆ. ಒಂದು ಊರಿನ ಹೆಸರು ದೇಶದ ಮಾನದಂಡದಲ್ಲಿ ನೆಲೆಯಾದದ್ದು ಸಣ್ಣ ಮಾತಲ್ಲ.

ಜೆಪ್ಪುವಿನ ನಂತರ ಹಬ್ಬಿದ್ದು ಬಹಳ ಬೇಗ. 1868ರಲ್ಲೇ ಪಾಣೆಮಂಗಳೂರಿನ ಹೊಳೆದಂಡೆಯಲ್ಲಿ ಅಲ್ಬುಕರ್ಕ್ ಮನೆತನದವರು ಕಾರ್ಖಾನೆ ತೆರೆದರು. ಮಿಷನ್ ಕೂಡ ಕುದ್ರೋಳಿ, ಮಲ್ಪೆಗಳಲ್ಲಿ, ಕೇರಳದ ಕಲ್ಲಿಕೋಟೆ, ಫೆರೋಕುಗಳಲ್ಲಿ ಕಾರ್ಖಾನೆ ಕಟ್ಟಿತು. ರೈಲು ಮಂಗಳೂರು ತಲುಪಿದ್ದು 1907ರಲ್ಲಿ. ಅದಕ್ಕೂ ಮೊದಲೇ ಮಂಜಿಗಳಲ್ಲಿ, ಹಡಗುಗಳಲ್ಲಿ ಹೆಂಚು ಮುಂಬಯಿಗೆ, ಸಮುದ್ರದಾಚೆಯ ಊರುಗಳಿಗೆ ಹೋಗುತ್ತಿತ್ತು. ಸರ್ಕಾರಿ ಕಟ್ಟಡ, ರೈಲು ನಿಲ್ದಾಣ, ಶಾಲೆ, ಪ್ರವಾಸಿ ಬಂಗಲೆ ಎಲ್ಲಕ್ಕೂ ಇದೇ ಹೆಂಚಾಯಿತು. ಮೊದಲ ಮಹಾಯುದ್ಧದಲ್ಲಿ ಮಿಷನ್ನಿನ ಜರ್ಮನರು ಶತ್ರುಗಳೆಂದು ಅದರ ಕಾರ್ಖಾನೆಗಳು ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ವಶಕ್ಕೆ ಹೋದವು. ಮಾಲೀಕರು ಬದಲಾದರು, ಹೆಂಚಿನ ಆಕಾರ ಬದಲಾಗಲಿಲ್ಲ.

ಈ ಬೆಳವಣಿಗೆಯ ಬೆಲೆ ತೆತ್ತವರೂ ಇದ್ದಾರೆ. ನಾಡಹೆಂಚು ಕುಂಬಾರರ ಮನೆಯ ದೊಡ್ಡ ಆದಾಯವಾಗಿತ್ತು. ಮಡಕೆ ಮನೆಗೆ ಹತ್ತೋ ಹದಿನೈದೋ ಬೇಕು, ಹೆಂಚು ಸಾವಿರಗಟ್ಟಲೆ ಬೇಕು. ಆ ಕೆಲಸ ಕಾರ್ಖಾನೆಗೆ ಹೋದ ಮೇಲೆ ಕುಂಬಾರರಿಗೆ ಉಳಿದದ್ದು ಮಡಕೆ, ಹಣತೆ, ಬಾನಿ, ಮದುವೆ ಮನೆಯ ಬಣ್ಣದ ಗಡಿಗೆಗಳು. ಆಮೇಲೆ ಅಲ್ಯೂಮಿನಿಯಂ, ಸ್ಟೀಲು, ಪ್ಲಾಸ್ಟಿಕ್ಕು ಬಂದು ಅದರಲ್ಲೂ ಮುಕ್ಕಾಲು ಪಾಲು ಹೋಯಿತು. ಕೆಲವರು ಕಾರ್ಖಾನೆಗಳಲ್ಲಿ ಕೂಲಿಗೆ ಸೇರಿದರು. ಮಣ್ಣನ್ನು ಮುಟ್ಟಿ ಅದರ ಹದ ಹೇಳಬಲ್ಲವರು ಅಲ್ಲಿ ಮಣ್ಣು ಹೊರುವವರಾದರು. ಅಲ್ಲಿ ಅವರಿಗೆ ಕೂಲಿ ಸಿಕ್ಕಿತು, ಆಕಾರದ ಬಗ್ಗೆ ಒಂದು ಮಾತು ಹೇಳುವ ಜಾಗ ಸಿಗಲಿಲ್ಲ. ಡೆನ್ಮಾರ್ಕಿನ ಕಾರ್ಖಾನೆ ಚಿತ್ರಕಾರನನ್ನು ಒಳಗೆ ಕರೆದು ಕೂರಿಸಿತು. ನಮ್ಮ ಕಾರ್ಖಾನೆಗಳು, ಮಿಷನ್ನಿನವೂ ಆಮೇಲೆ ಬಂದ ನಮ್ಮವರವೂ, ಪ್ಲೆಬ್ಸ್ಟ್ ತಂದ ಆಕಾರವನ್ನೇ ಒತ್ತುತ್ತಾ ಹೋದವು. ಪ್ಲೆಬ್ಸ್ಟ್ ಆದ ಮೇಲೆ ಆ ಸ್ಥಾನದಲ್ಲಿ ಇನ್ನೊಬ್ಬರನ್ನು ಕೂರಿಸಬೇಕೆಂಬ ಯೋಚನೆ ಬರಲಿಲ್ಲ. ಕಸುಬು ಸೊರಗಿದ್ದಕ್ಕೆ ನಾವು ಆರ್‌ಸಿಸಿಯನ್ನೂ ಶೀಟನ್ನೂ ಬೈಯುತ್ತೇವೆ. ನನ್ನ ಪ್ರಕಾರ ಮೂಲ ತಪ್ಪು ಈ ಖಾಲಿ ಬಿಟ್ಟ ಸ್ಥಾನದಲ್ಲಿದೆ.

ಮಾಲೂರಿನ ಕಡೆ ನೋಡಿದರೆ ಇದು ಇನ್ನೂ ಸ್ಪಷ್ಟ. ಬೆಂಗಳೂರು–ಜೋಲಾರಪೇಟೆ ರೈಲು ದಾರಿ 1864ರಲ್ಲೇ ಬಂದಿತ್ತು. ಆ ದಾರಿಯ ಮೇಲಿರುವ ಮಾಲೂರಿಗೆ ಕೆರೆಗಳ ಜೇಡಿ ಹತ್ತಿರ, ಬೆಂಗಳೂರಿನ ಮಾರುಕಟ್ಟೆಯೂ ಹತ್ತಿರ. ಮಂಗಳೂರು ಮಾದರಿಯ ಹೆಂಚು, ಇಟ್ಟಿಗೆ ಇಲ್ಲಿ ದೊಡ್ಡ ಉದ್ಯಮವಾದವು. ಆದರೆ ಕೋಲಾರದ ಮಳೆ ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು, ಮಂಗಳೂರಿನ ಐದನೆಯ ಒಂದು ಪಾಲು. ನಮ್ಮ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ, ಕಲ್ಲು ಚಪ್ಪಡಿಯ ಚಾವಣಿ ಸಾಕಾಗುತ್ತಿದ್ದದ್ದು ಇದಕ್ಕೇ. ನಮಗೆ ಸುರಿಯುವ ಮಳೆಗಿಂತ ಬೇಸಿಗೆಯ ಬಿಸಿಲು ದೊಡ್ಡ ತೊಂದರೆ, ಅದಕ್ಕಿಂತ ದೊಡ್ಡದು ಕೋತಿಗಳ ಕಾಟ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಸುತ್ತ ಹೆಂಚಿನ ಮನೆ ಇಟ್ಟುಕೊಂಡವರನ್ನು ಕೇಳಿ, ಹೆಂಚು ತೆಗೆಸಿ ಶೀಟು ಹಾಕಿಸಿದ್ದಕ್ಕೆ ಅವರು ಮೊದಲು ಹೇಳುವ ಕಾರಣ ಇದೇ. ಕರಾವಳಿಯ ಮಳೆಗೆ ಒಗ್ಗಿಸಿದ ಹೆಂಚನ್ನು ನಾವು ಹಾಗೆಯೇ ತಂದುಕೊಂಡೆವು. ಬಯಲುಸೀಮೆಯ ಬಿಸಿಲಿಗೆ, ಇಲ್ಲಿನ ತಗ್ಗಾದ ಮಾಡಿಗೆ, ಇಲ್ಲಿನ ಕೋತಿಗೆ ಅದನ್ನು ಮತ್ತೊಮ್ಮೆ ಒಗ್ಗಿಸುವ ಕೆಲಸ ಉಳಿದುಕೊಂಡಿತು.

ಮಣ್ಣಿನ ಸ್ಥಿತಿಯೂ ಬದಲಾಗಿದೆ. ಎರಡು ಸಾವಿರಕ್ಕೂ ಹೆಚ್ಚು ಕೆರೆಗಳ ಜಿಲ್ಲೆ ನಮ್ಮದು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಗೋಡು ಹೊಲಕ್ಕೂ ಹೋಗುತ್ತಿತ್ತು, ಗೂಡಿಗೂ ಹೋಗುತ್ತಿತ್ತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಹರಿಯುತ್ತಿದೆ. ತುಂಬಿದ ಕೆರೆಯಿಂದ ಗೋಡು ಎತ್ತಲಾಗದು. ಗೂಡಿನ ಸೌದೆಯಾದ ನೀಲಗಿರಿಯನ್ನು ಹೊಸದಾಗಿ ನೆಡಬಾರದೆಂದು ರಾಜ್ಯ ಸರ್ಕಾರ 2017ರಲ್ಲಿ ಆದೇಶ ಮಾಡಿತು. ಎರಡೂ ಜಿಲ್ಲೆಯ ನೀರಿನ ಹಿತಕ್ಕೆ ಬೇಕಾದ ಕ್ರಮಗಳೇ, ಅವುಗಳಿಗೆ ನನ್ನ ತಕರಾರಿಲ್ಲ. ಆದರೆ ಮಣ್ಣೂ ಸೌದೆಯೂ ದುಬಾರಿಯಾದಾಗ ಅಗ್ಗದ ಹೆಂಚನ್ನು ಲಕ್ಷಗಟ್ಟಲೆ ಒತ್ತಿ ಬದುಕುವ ದಾರಿ ಮುಚ್ಚುತ್ತದೆ. ಅದೇ ಒಂದು ಹಿಡಿ ಮಣ್ಣಿಗೆ, ಅದೇ ಒಂದು ಕಟ್ಟು ಸೌದೆಗೆ ಹೆಚ್ಚು ಬೆಲೆ ತರುವ ವಸ್ತು ಮಾಡುವುದು ಉಳಿದಿರುವ ದಾರಿ. ಅದು ಆಕಾರ ಬಲ್ಲವರಿಂದ ಮಾತ್ರ ಆಗುವ ಕೆಲಸ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಸಾಲ್ಟೊ ಮಾಡಿದಂಥ ಮೆರುಗಿನ ಹೂಜಿಯನ್ನು ನಾವೂ ಮಾಡೋಣ ಎಂದು ಹೊರಟರೆ ಕೈ ಸುಟ್ಟುಕೊಳ್ಳುತ್ತೇವೆ. ಅವರ ಕಲ್ಲುಮಡಕೆಯ ಮಣ್ಣು ಬೇಯುವುದು 1,200 ಡಿಗ್ರಿಗಿಂತ ಮೇಲೆ. ಕಬ್ಬಿಣ ಹೆಚ್ಚಿರುವ ನಮ್ಮ ಕೆರೆಯ ಜೇಡಿ ಅಷ್ಟು ಕಾವಿಗೆ ಉಬ್ಬಿ, ಕುಸಿದು, ಗಾಜಿನಂತಾಗಿ ಅಂಟಿಕೊಳ್ಳುತ್ತದೆ. ನಾವು ಕಲಿಯಬೇಕಾದ್ದು ಆ ಮೆರುಗನ್ನಲ್ಲ. ಕಲಾವಿದ, ರಸಾಯನ ಬಲ್ಲವರು, ಕುಲುಮೆಯ ಕೆಲಸಗಾರ ಮೂವರನ್ನೂ ಒಂದೇ ಸೂರಿನ ಕೆಳಗೆ ತಂದ ಏರ್ಪಾಡನ್ನು.

ನಮ್ಮಲ್ಲಿ ಇದು ಅಸಾಧ್ಯವೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗದವರು ಮಣ್ಣಿನ ಇಟ್ಟಿಗೆ, ಅಗ್ಗದ ಚಾವಣಿಗಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕೇರಳದಲ್ಲಿ ಲಾರಿ ಬೇಕರ್ ಕಾಂಕ್ರೀಟು ತಾರಸಿಯ ಕೆಳಭಾಗದಲ್ಲಿ ಮಂಗಳೂರು ಹೆಂಚುಗಳನ್ನು ಜೋಡಿಸಿ ತುಂಬುವ ಪದ್ಧತಿಯನ್ನು ಜನಪ್ರಿಯ ಮಾಡಿದರು. ತಾರಸಿಯ ಕೆಳಗಿನ ಪಾಲು ಭಾರ ಹೊರುವುದರಲ್ಲಿ ಹೆಚ್ಚು ನೆರವಾಗುವುದಿಲ್ಲ. ಅಲ್ಲಿ ಕಾಂಕ್ರೀಟಿನ ಬದಲು ಹೆಂಚು ತುಂಬಿದರೆ ಸಿಮೆಂಟು ಉಳಿಯುತ್ತದೆ, ಮನೆ ತಂಪಾಗುತ್ತದೆ. ಬೆಂಗಳೂರಿನ ವಾಸ್ತುಶಿಲ್ಪಿಗಳು ಇದನ್ನು ಈಗ ಬಹಳ ಬಳಸುತ್ತಾರೆ. ಹಾಗಿದ್ದರೆ ತಾರಸಿಯಲ್ಲಿ ತುಂಬುವುದಕ್ಕೆಂದೇ, ಒಳಗಿಂದ ನೋಡಿದರೆ ಚೆಂದ ಕಾಣುವ, ತೋಡು, ಏಣುಗಳ ಅಗತ್ಯವೇ ಇಲ್ಲದ ಒಂದು ಹೆಂಚನ್ನು ಮಾಲೂರು ಯಾಕೆ ರೂಪಿಸಬಾರದು? ಗಾಳಿ ಆಡಲು ಗೋಡೆಗೆ ಹಾಕುವ ಮಣ್ಣಿನ ಜಾಲಿ, ಬಿಸಿಲು ತಡೆಯುವ ಟೊಳ್ಳು ಹೆಂಚು, ರೀಪಿಗೆ ತಂತಿಯಿಂದ ಬಿಗಿದು ಕೋತಿಗೆ ಎತ್ತಲು ಬಾರದ ಹೆಂಚು, ಇವುಗಳಲ್ಲಿ ಒಂದೊಂದೂ ಒಬ್ಬ ಜಾಣ ವಿದ್ಯಾರ್ಥಿಗೆ ಒಂದು ವರ್ಷದ ಕೆಲಸ.

ಆ ವಿದ್ಯಾರ್ಥಿಗಳೂ ದೂರದಲ್ಲಿಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಶಿಲ್ಪ ಕಲಿಯುವವರಿದ್ದಾರೆ. ಮಾಲೂರು ತಾಲ್ಲೂಕಿನದೇ ಶಿವಾರಪಟ್ಟಣದಲ್ಲಿ ತಲೆಮಾರುಗಳಿಂದ ಕಲ್ಲು ಕೆತ್ತುವ ಶಿಲ್ಪಿಗಳಿದ್ದಾರೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇದೆ. ಕೋಲಾರದಲ್ಲಿ ವಿಶ್ವವಿದ್ಯಾಲಯವೇ ಇದೆ, ಮಣ್ಣಿನ ಪರೀಕ್ಷೆಗೆ ಅದರ ನೆರವು ಕೇಳಬಹುದು. 2023ರಲ್ಲಿ ಬಂದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ತರಬೇತಿ, ಸಲಕರಣೆಗೆ 15,000 ರೂಪಾಯಿ, ಅಗ್ಗದ ಬಡ್ಡಿಯ ಸಾಲ ಸಿಗುತ್ತದೆ. ಒಳ್ಳೆಯದೇ. ಆದರೆ ವಿದ್ಯುತ್ ತಿಗರಿ ಕೊಂಡ ಕುಂಬಾರ ಅದೇ ಹಣತೆಯನ್ನು ಇನ್ನಷ್ಟು ಬೇಗ ಮಾಡಬಲ್ಲ, ಅಷ್ಟೆ. ಅವನ ಪಕ್ಕದಲ್ಲಿ ಕೂತು ಹೊಸ ಆಕಾರ ಯೋಚಿಸುವವರನ್ನು, ಆ ಆಕಾರ ಗೂಡಿನಲ್ಲಿ ಬಿರಿದರೆ ಕಾರಣ ಹೇಳುವವರನ್ನು ಯಾವ ಯೋಜನೆಯೂ ಇನ್ನೂ ಕಳುಹಿಸಿಲ್ಲ.

ಮೊದಲ ಹೆಜ್ಜೆ ಕಾರ್ಖಾನೆಯವರಿಂದಲೇ ಬರಬೇಕು, ಅದಕ್ಕೆ ಬಹಳ ಹಣವೂ ಬೇಡ. ಮಾಲೂರಿನ ನಾಲ್ಕಾರು ಮಾಲೀಕರು ಸೇರಿ ಗೂಡಿನ ಒಂದು ಮೂಲೆಯನ್ನು ಪ್ರಯೋಗಕ್ಕೆಂದು ಬಿಡಲಿ. ಒಬ್ಬ ವಿನ್ಯಾಸದ ವಿದ್ಯಾರ್ಥಿಗೂ ತಿಗರಿ ಬಲ್ಲ ಒಬ್ಬ ಕುಂಬಾರನಿಗೂ ಅಲ್ಲಿ ವರ್ಷವಿಡೀ ಸಂಬಳದ ಜಾಗ ಕೊಡಲಿ. ಕೆಟ್ಟ ಹೆಂಚಿನ ಲೆಕ್ಕವನ್ನು ಆ ವರ್ಷ ಕೇಳದಿರಲಿ. ಜಿಲ್ಲಾಡಳಿತ ತನ್ನ ಪಾಲಿಗೆ ಮುಂದೆ ಕಟ್ಟುವ ಅಂಗನವಾಡಿಗಳಲ್ಲಿ ಒಂದಕ್ಕಾದರೂ, ಯಲ್ದೂರು ಹೋಬಳಿಯಲ್ಲೇ ಆಗಲಿ, ಹಾಗೆ ತಯಾರಾದ ಹೆಂಚು ಹಾಕಿಸಿ ಎರಡು ಬೇಸಿಗೆ, ಎರಡು ಮಳೆಗಾಲ ನೋಡಲಿ. ಒಳಗಿನ ಕಾವನ್ನು ಪಕ್ಕದ ಶೀಟಿನ ಕಟ್ಟಡದ ಕಾವಿನ ಜೊತೆ ಅಳೆದು ಬರೆದಿಡಲಿ. ಶಾಲೆಯ ವಿಜ್ಞಾನದ ಮೇಷ್ಟ್ರು, ಮಕ್ಕಳೇ ಅದನ್ನು ಮಾಡಬಲ್ಲರು, ಒಂದು ಉಷ್ಣಮಾಪಕ ಸಾಕು.